ಹಳ್ಳ ದಾಟಿದ ಜೀಪೂ ಬಾಯಿಮಾತಿನ ವಾರಂಟಿಯೂ

ಕಳೆದ ಸಲ ಮಳೆ ಕಡಿಮೆಯಾದ ಮೇಲಿನ ಮೊದಲ ಶನಿವಾರ. ಬೆಂಗಳೂರಿನಿಂದ ಬಂದಿದ್ದ ನಾಲ್ಕು ಜನರನ್ನು ಕೂರಿಸಿಕೊಂಡು ಅಣ್ಣ ಕ್ಯಾತನಮಕ್ಕಿ ಗುಡ್ಡ ಹತ್ತುತ್ತಿದ್ದ. ಅರ್ಧ ಏರಿಯಾಗಿತ್ತು. ಫೋರ್ ವೀಲ್ ಹಾಕಿದರೂ ಮುಂದಿನ ಚಕ್ರ ಜಗ್ಗಲಿಲ್ಲ. ಕೆಳಗಿನಿಂದ ಕಟಕಟ ಶಬ್ದ. ಬಂದವರು ಇಳಿದು ಕೆಸರಲ್ಲಿ ನಡೆದು ಹೋದರು, ಅರ್ಧ ದುಡ್ಡು ಕೊಟ್ಟರು. ಅಣ್ಣ ಹಿಮ್ಮುಖವಾಗಿ ಗಾಡಿ ಇಳಿಸಿಕೊಂಡು ಮನೆಗೆ ಬಂದ. ಅತ್ತಿಗೆ ಕೇಳಿದ್ದಕ್ಕೆ ಒಂದೇ ಮಾತು: "ವಾರಂಟಿ ಉಂಟಲ್ಲ, ಎಂತಕ್ಕೆ ತಲೆಬಿಸಿ?"

ತಲೆಬಿಸಿ ಶುರುವಾಗಿದ್ದೇ ಅಲ್ಲಿಂದ.

ನಮ್ಮದು ಕಳಸದ ಹತ್ತಿರ ಎರಡು ಎಕರೆ ಕಾಫಿ, ಒಂದಿಷ್ಟು ಅಡಿಕೆ. ಅದರಲ್ಲಿ ವರ್ಷ ಕಳೆಯುವುದು ಕಷ್ಟ ಅಂತ ಅಣ್ಣ ಸಾಲ ಮಾಡಿ ಹೊಸ ಜೀಪ್ ತಗೊಂಡಿದ್ದ. ಹೊರನಾಡಿಗೆ ಬರುವವರು, ಹೋಂಸ್ಟೇಯಲ್ಲಿ ಉಳಿಯುವವರು ಗುಡ್ಡ ನೋಡಬೇಕು ಅಂತಾರೆ. ಅವರಿಗೆ ಅದು ಮೋಜಿನ ಗಾಡಿ, ನಮಗೆ ತಿಂಗಳ ಕಂತು. ಮೂರು ವರ್ಷದ ವಾರಂಟಿ ಪುಸ್ತಕವನ್ನು ಅತ್ತಿಗೆ ಜಾಗದ ಪತ್ರದ ಜೊತೆ ಕಪಾಟಲ್ಲಿಟ್ಟಿದ್ದಳು. ಅದನ್ನು ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

ಪೇಟೆಯ ಗ್ಯಾರೇಜಿನ ಕಾಕ ಬಂದು ಜೀಪಿನ ಅಡಿಗೆ ನುಸುಳಿ ನೋಡಿದರು. ಇಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಂಚುವ ಡಬ್ಬಿಯಂಥ ಗೇರ್ ಬಾಕ್ಸ್ ಒಂದಿದೆಯಲ್ಲ, ಅದರ ಆಯಿಲ್ ಸೀಲ್ ಹೋಗಿತ್ತು. ಆಯಿಲ್ ಸೋರಿ ಕಡಿಮೆಯಾಗಿ ಒಳಗಿನ ಬೇರಿಂಗ್ ತಿಂದುಹೋಗಿರಬೇಕು ಅಂದರು. "ನಂಗೆ ಎರಡು ದಿವಸದ ಕೆಲಸ. ಆದ್ರೆ ನಾ ಒಂದು ಬೋಲ್ಟ್ ಬಿಚ್ಚಿದ್ರೂ ನಿಮ್ಮ ವಾರಂಟಿ ಹೋಯ್ತು ಅಂತಾರೆ. ನೀವು ಕಂಪನಿಗೇ ತಗೊಂಡು ಹೋಗಿ."

ಇದು ನಮ್ಮೂರಿನ ಹೊಸ ಕಷ್ಟ. ಹಳೇ ಜೀಪುಗಳ ಕಾಲದಲ್ಲಿ ಕೆಟ್ಟದ್ದನ್ನು ಇಲ್ಲೇ ಬಿಚ್ಚಿ, ಇಲ್ಲೇ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಮುಳುಗಿ ಆಚೆ ಈಚೆ ಆದರೂ ಗಾಡಿ ನಿಲ್ಲುತ್ತಿರಲಿಲ್ಲ. ಈಗ ಕೈಯಲ್ಲಿ ಕೆಲಸ ಇರುವವರು ಪಕ್ಕದಲ್ಲೇ ಇದ್ದರೂ ಮುಟ್ಟುವ ಹಾಗಿಲ್ಲ. ಸರ್ವಿಸ್ ಸೆಂಟರ್ ಇರುವುದು ನಮ್ಮನೆಯಿಂದ 90 ಕಿಲೋಮೀಟರ್ ದೂರದಲ್ಲಿ. ಬರೀ ತಿರುವಿನ ದಾರಿ.

ಟೋ ಗಾಡಿಯ ಮೇಲೆ ಜೀಪ್ ಹೋಯಿತು. ಹನ್ನೊಂದು ದಿನ ಸುದ್ದಿಯಿಲ್ಲ. ಫೋನ್ ಮಾಡಿದರೆ "ಪಾರ್ಟ್ ಬರಬೇಕು ಸರ್." ಹನ್ನೆರಡನೇ ದಿನ ಬೇರೆಯದೇ ಉತ್ತರ ಬಂತು: "ಒಳಗೆ ನೀರು ಹೋಗಿದೆ. ಆಯಿಲ್ ಹಾಲು ಹಾಕಿದ ಚಾದ ಹಾಗಾಗಿದೆ. ನೀವು ಹಳ್ಳದಲ್ಲಿ ಓಡಿಸಿದ್ದೀರಿ. ಇದು ವಾರಂಟಿಗೆ ಬರಲ್ಲ."

ಅಣ್ಣನಿಗೆ ಸಿಟ್ಟಿಗಿಂತ ಅವಮಾನವಾಗಿತ್ತು. "ಅಡ್ವರ್ಟೈಸಲ್ಲಿ ಹೊಳೆ ಹಾರಿಸ್ತಾರೆ, ಬಂಡೆ ಹತ್ತಿಸ್ತಾರೆ. ನಾನು ನಮ್ಮನೆ ಹಳ್ಳ ದಾಟಿದ್ರೆ ತಪ್ಪಾ? ನಮ್ಮನೆಗೆ ಬೇರೆ ದಾರಿ ಎಲ್ಲುಂಟು?"

ಅವತ್ತು ರಾತ್ರಿ ವಾರಂಟಿ ಪುಸ್ತಕ ತೆಗೆದು ಕೂತೆ. ಸಣ್ಣ ಅಕ್ಷರ, ಇಂಗ್ಲಿಷ್. ನೀರು ನುಗ್ಗಿ ಆದ ಹಾನಿಗೆ ವಾರಂಟಿ ಇಲ್ಲ ಅಂತ ನಿಜವಾಗಿಯೂ ಇತ್ತು. ಆದರೆ ತಯಾರಿಕೆಯ ದೋಷಕ್ಕೆ ವಾರಂಟಿ ಇದೆ ಅಂತಲೂ ಇತ್ತು. ಹಾಗಾದರೆ ಪ್ರಶ್ನೆ ಇಷ್ಟೇ: ನೀರು ಹೋಗಿದ್ದಕ್ಕೆ ಸೀಲ್ ಹಾಳಾಯಿತಾ, ಸೀಲ್ ಮೊದಲೇ ಹಾಳಾಗಿದ್ದಕ್ಕೆ ನೀರು ಹೋಯಿತಾ?

"ಆಯಿಲ್ ಸೋರೋದು ಮೊದಲು ಯಾವಾಗ ನೋಡಿದ್ದು?" ಅಂತ ಅಣ್ಣನನ್ನು ಕೇಳಿದೆ.

"ಮಾರ್ಚಲ್ಲೇ. ಅಂಗಳದಲ್ಲಿ ಹನಿ ಬಿದ್ದಿತ್ತು. ಸರ್ವಿಸಿಗೆ ಹೋದಾಗ ಹೇಳಿದ್ದೆ, ಒರೆಸಿ ಟೈಟ್ ಮಾಡಿ ಕೊಟ್ರು."

ಮಾರ್ಚ್! ಆ ವರ್ಷ ಅಷ್ಟೊತ್ತಿಗೆ ನಮ್ಮಲ್ಲಿ ಹೂಮಳೆಯೂ ಬಿದ್ದಿರಲಿಲ್ಲ. ಸ್ಪ್ರಿಂಕ್ಲರಿಗೆ ನೀರಿಲ್ಲದೆ ಒದ್ದಾಡಿದ್ದೆವು. ಹಳ್ಳದಲ್ಲಿ ಕಾಲು ಒದ್ದೆಯಾಗುವಷ್ಟೂ ನೀರಿರಲಿಲ್ಲ. "ಜಾಬ್ ಕಾರ್ಡ್ ಎಲ್ಲಿ?" ಅಂದೆ. ಇರಲಿಲ್ಲ. ಇದ್ದದ್ದರಲ್ಲಿ 'ಮಾಮೂಲಿ ಸರ್ವಿಸ್' ಅಂತ ಮಾತ್ರ ಬರೆದಿತ್ತು. ಸೋರಿಕೆಯ ವಿಷಯ ಬರೆಸಲು ಹೋದರೆ ಅಲ್ಲಿನ ಹುಡುಗ, "ಅದೆಲ್ಲ ಯಾಕೆ ಸರ್, ನಾನಿದ್ದೀನಲ್ಲ" ಅಂದಿದ್ದನಂತೆ. ಅಣ್ಣ ನಂಬಿದ. ನಮ್ಮ ಕಡೆ ಅಡಿಕೆ ವ್ಯಾಪಾರವೇ ಬಾಯಿಮಾತಲ್ಲಿ ನಡೆಯುತ್ತದೆ. ಬರೆದುಕೊಡಿ ಅಂದರೆ ನಂಬಿಕೆ ಇಲ್ಲ ಅಂದ ಹಾಗೆ.

ಆಗ ನನಗೆ ನಾಚಿಕೆಯಾಯಿತು. ಪತ್ರಿಕೋದ್ಯಮದ ಕ್ಲಾಸಲ್ಲಿ ಎರಡು ವರ್ಷ ಹೇಳಿಕೊಟ್ಟಿದ್ದು ಇದನ್ನೇ: ಯಾರು, ಏನು, ಯಾವಾಗ, ಎಲ್ಲಿ, ದಾಖಲೆ ಏನು? ಊರಿನ ಟ್ಯಾಂಕಿನ ಸುದ್ದಿಗೆ ಪಂಚಾಯ್ತಿಯಲ್ಲಿ ಕಡತ ಕೇಳಿದ ನಾನು, ಮನೆ ಅಂಗಳದ ಆಯಿಲ್ ಹನಿಗೆ ಒಂದು ಕಾಗದ ಇದೆಯಾ ಅಂತ ಕೇಳಿರಲಿಲ್ಲ.

ಉಳಿಸಿದ್ದು ಅಣ್ಣನ ಫೋನು. ಮಾರ್ಚಲ್ಲಿ ಆ ಹುಡುಗನಿಗೆ ವಾಟ್ಸಾಪಲ್ಲಿ ಅಂಗಳದ ಹನಿಯ ಫೋಟೋ ಕಳಿಸಿದ್ದ. ಅದಕ್ಕೆ "ಸರ್ವಿಸಿಗೆ ತನ್ನಿ, ಸೀಲ್ ನೋಡೋಣ" ಅಂತ ಉತ್ತರವೂ ಬಂದಿತ್ತು. ತಾರೀಕು, ಗಂಟೆ ಎಲ್ಲ ಇತ್ತು.

ಅದನ್ನಿಟ್ಟುಕೊಂಡು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆವು, ಸರ್ವಿಸ್ ಸೆಂಟರಿಗೂ ಪ್ರತಿ ಕಳಿಸಿದೆವು. ಬೈಗುಳ ಇಲ್ಲ, ದಿನಾಂಕದ ಪಟ್ಟಿ ಮಾತ್ರ. ಕೇಳಿದ್ದು ಮೂರು: ವಾರಂಟಿ ಇಲ್ಲ ಅನ್ನುವುದನ್ನು ಪುಸ್ತಕದ ಯಾವ ನಿಯಮದ ಪ್ರಕಾರ ಅಂತ ಬರೆದು ಕೊಡಿ, ಬಿಚ್ಚಿದ ಹಳೇ ಭಾಗಗಳನ್ನು ಎಸೆಯಬೇಡಿ, ಕಂಪನಿಯ ಇಂಜಿನಿಯರ್ ನಮ್ಮೆದುರೇ ನೋಡಲಿ.

ಜೀಪ್ ಸ್ಟ್ಯಾಂಡಲ್ಲಿ ಒಬ್ಬರು, "ನಿಮ್ಮದು ಹಳದಿ ಬೋರ್ಡ್, ಬಾಡಿಗೆ ಗಾಡಿ. ಗ್ರಾಹಕರ ಕಾನೂನು ನಿಮಗೆ ಬರಲ್ಲ" ಅಂದು ಅಣ್ಣನ ಧೈರ್ಯ ಉಡುಗಿಸಿದ್ದರು. ಅದು ಪೂರ್ತಿ ನಿಜ ಅಲ್ಲ. 2020ರ ಜುಲೈಯಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ವ್ಯಾಪಾರಕ್ಕೆ ಕೊಂಡವರನ್ನು ಹೊರಗಿಡುತ್ತದೆ, ಹೌದು. ಆದರೆ ತಾನೇ ದುಡಿದು ಹೊಟ್ಟೆ ಹೊರೆಯಲು, ಸ್ವಯಂ ಉದ್ಯೋಗಕ್ಕೆ ಕೊಂಡವರು ಗ್ರಾಹಕರೇ. ಅಣ್ಣ ತನ್ನ ಜೀಪನ್ನು ತಾನೇ ಓಡಿಸುತ್ತಾನೆ. ಕಂಪನಿ ಎಲ್ಲೇ ಇರಲಿ, ದೂರು ಕೊಡುವವರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ತೊಂದರೆಯಾದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಬೇಕೇ ಬೇಕು ಅಂತಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರನ್ನು ಕಂಪನಿಗೆ ದಾಟಿಸುತ್ತದೆ. ಕನ್ನಡದಲ್ಲೂ ಮಾತಾಡಬಹುದು. ನಾವು ಅದನ್ನೇ ಮಾಡಿದೆವು.

ಸಿನಿಮಾದಂತೆ ಮಾರನೇ ದಿನ ಏನೂ ಆಗಲಿಲ್ಲ. ಎರಡು ಇಮೇಲಿಗೆ ಉತ್ತರ ಬರಲಿಲ್ಲ. ಆಯೋಗಕ್ಕೆ ಹೋಗುತ್ತೇವೆ ಅಂತ ದಿನ ಹೇಳಿ ಮೂರನೆಯದನ್ನು ಬರೆದ ಮೇಲೆ ಇಂಜಿನಿಯರ್ ಬಂದರು. ಅಣ್ಣ ಕಾಕನನ್ನೂ ಜೊತೆಗೆ ಕರೆದುಕೊಂಡು ಹೋದ. ಇಂಜಿನಿಯರ್ ಹಳೇ ಸೀಲನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಮಾರ್ಚಿನ ಫೋಟೋ ನೋಡಿದರು. "ಮೊದಲ ಸಲವೇ ಬದಲಾಯಿಸಬೇಕಿತ್ತು" ಅಂದರು. ಅಷ್ಟೇ. ಸೀಲು, ಬೇರಿಂಗು ಎಲ್ಲ ವಾರಂಟಿಯಲ್ಲೇ ಬದಲಾಯಿತು.

ಜೀಪ್ ಮನೆಗೆ ಬಂದಾಗ ಜನವರಿ ಅರ್ಧ ಕಳೆದಿತ್ತು. ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್ ಎಲ್ಲ ಮುಗಿದಿತ್ತು. ಮೂರು ಕಂತನ್ನು ಅತ್ತಿಗೆ ಬಳೆ ಅಡವಿಟ್ಟು ಕಟ್ಟಿದ್ದಳು. ಆ ನಷ್ಟಕ್ಕೂ ಆಯೋಗದಲ್ಲಿ ಪರಿಹಾರ ಕೇಳಬಹುದು ಅಂತ ಹೇಳಿದೆ. ಅಣ್ಣ, "ಕಾಫಿ ಕೊಯ್ಲು ಮುಗೀಲಿ, ನೋಡ್ವ" ಅಂದ. ಇನ್ನೂ ನೋಡುತ್ತಲೇ ಇದ್ದಾನೆ. ಎರಡು ವರ್ಷದ ಗಡುವನ್ನು ನಾನು ಕ್ಯಾಲೆಂಡರಲ್ಲಿ ಗುರುತು ಮಾಡಿಟ್ಟಿದ್ದೇನೆ.

ಈಗ ಅಣ್ಣ ಗಾಡಿ ಬಿಡುವಾಗ ಹೇಳಿದ್ದನ್ನೆಲ್ಲ ಜಾಬ್ ಕಾರ್ಡಲ್ಲಿ ಬರೆಸುತ್ತಾನೆ, ಕಿಲೋಮೀಟರ್ ಓದಿ ಸಹಿ ಮಾಡಿಸುತ್ತಾನೆ, ಫೋಟೋ ತೆಗೆದು ನನಗೆ ಕಳಿಸುತ್ತಾನೆ. ಸರ್ವಿಸ್ ಸೆಂಟರಿನವರಿಗೆ ಇವನು ಕಿರಿಕಿರಿ ಗಿರಾಕಿ ಆಗಿದ್ದಾನೆ. ಇರಲಿ.

ಮೊನ್ನೆ ಜೀಪ್ ಸ್ಟ್ಯಾಂಡಲ್ಲಿ ಇನ್ನೊಬ್ಬರು ಸಿಕ್ಕಿ, "ನೀವು ಪೇಪರಿಗೆ ಬರಿಯೋರಲ್ವ? ನಮ್ಮ ಗಾಡಿದೂ ಒಂದು ಲೆಟರ್ ಬರೆದು ಕೊಡಿ ಮಾರಾಯ್ರೆ" ಅಂದರು. ಕೂತು ಬರೆದುಕೊಟ್ಟೆ. ಇಲ್ಲಿಯವರೆಗೆ ನಾಲ್ಕಾಯಿತು. ಯಾವುದರ ಕೆಳಗೂ ನನ್ನ ಹೆಸರಿಲ್ಲ.