ಬಂಡೀಪುರದ ಅರಣ್ಯಪಾಲಕರ ನಡುವೆ

ಮೈಸೂರಿನಿಂದ ನಂಜನಗೂಡಿನ ಮಾರ್ಗವಾಗಿ ದಕ್ಷಿಣಕ್ಕೆ ಹೊರಟರೆ ಸುಮಾರು 60 ಕಿಲೋಮೀಟರುಗಳ ಮೇಲೆ ಗುಂಡ್ಲುಪೇಟೆಯು ಸಿಕ್ಕುವುದು. ಅಲ್ಲಿಂದ ಮುಂದೆ ಊಟಿಯ ಬಸ್ಸಿನಲ್ಲಿ ಕುಳಿತವರಿಗೆ ಬಲಗಡೆ ಹಿಮವದ್ಗೋಪಾಲಸ್ವಾಮಿಯ ಬೆಟ್ಟ, ಎದುರಿಗೆ ನೀಲಗಿರಿಯ ನಸುನೀಲಿ ಸಾಲು. ಮೇಲುಕಾಮನಹಳ್ಳಿಯ ತನಿಖಾ ಠಾಣೆಯನ್ನು ದಾಟಿದೊಡನೆ ಹೊಲಗಳು ನಿಂತುಹೋಗಿ ಕಾಡು ಆರಂಭವಾಗುತ್ತದೆ. ನಾನು ಹೋದದ್ದು ಮಾಘಮಾಸದ ಕೊನೆಯಲ್ಲಿ. ಮತ್ತಿ, ದಿಂಡಿಗಗಳು ಎಲೆಯುದುರಿಸಿ ನಿಂತಿದ್ದುವು. ಲಂಟಾನದ ಪೊದೆಗಳು ಮುಟ್ಟಿದರೆ ಮುರಿಯುವಂತೆ ಒಣಗಿದ್ದುವು. ನಡುನಡುವೆ ಮುತ್ತುಗವೊಂದೇ ಕೆಂಪಗೆ ಹೂತಿತ್ತು. ವಿಹಾರಕ್ಕೆ ಬರುವವರು ಈ ಕಾಲವನ್ನು ಮೆಚ್ಚುವುದಿಲ್ಲ. ಆದರೆ ಕಾಡನ್ನು ಕಾಯುವವರನ್ನು ನೋಡಬೇಕೆಂಬವರಿಗೆ ಇದಕ್ಕಿಂತ ತಕ್ಕ ಕಾಲವಿಲ್ಲ. ಬೆಂಕಿಯ ಭಯವು ಅವರನ್ನು ಹಗಲಿರುಳು ಎಚ್ಚರವಾಗಿರಿಸುವುದು ಈ ದಿನಗಳಲ್ಲಿಯೇ.

ಇದು ಹಿಂದೆ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಇದರ 90 ಚದರ ಕಿಲೋಮೀಟರುಗಳಷ್ಟು ಭಾಗವು ಅಭಯಾರಣ್ಯವಾಯಿತು. 1941ರಲ್ಲಿ ಅದನ್ನು ವಿಸ್ತರಿಸಿ, ಬೆಟ್ಟದ ದೇವರ ಹೆಸರಿನಲ್ಲಿಯೇ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕರೆದರು. 1973ರಲ್ಲಿ ಹುಲಿ ಯೋಜನೆಯು ಆರಂಭವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದಾಗಿ ಸೇರಿತು. ಇದರ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ವಾಹನಸಂಚಾರಕ್ಕೆ ತಡೆಯೊಡ್ಡುವ ಕ್ರಮವು ಮೊದಲಾದದ್ದು 2009ರಲ್ಲಿ.

ನಾನು ಹುಲಿಯನ್ನು ನೋಡಲು ಹೋದವನಲ್ಲ. ಕಾಡಂಚಿನ ಹಳ್ಳಿಯೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಿದೆ. ಆತನು ಎಂಟು ವರ್ಷಗಳಿಂದ ಗಸ್ತು ಅರಣ್ಯಪಾಲಕನು; ಹಿಂದೆ ಜನರು ಫಾರೆಸ್ಟ್ ಗಾರ್ಡ್ ಎನ್ನುತ್ತಿದ್ದ ಹುದ್ದೆಯೇ ಇದು. ಈಗ ಆತನ ತಂಗಿಯೂ ಪಿ.ಯು.ಸಿ. ಮುಗಿಸಿ ಅದೇ ಹುದ್ದೆಗೆ ಅರ್ಜಿ ಹಾಕುವೆನೆಂದು ಹಟ ಹಿಡಿದಿದ್ದಾಳೆ. ತಾಯಿಗೆ ಮನಸ್ಸಿಲ್ಲ. “ನೀವೊಮ್ಮೆ ಕಣ್ಣಾರೆ ನೋಡಿ ಬನ್ನಿ ಸ್ವಾಮಿ, ಆಮೇಲೆ ಮಾತು” ಎಂದು ಆಕೆ ಹೇಳಿಕಳುಹಿಸಿದ್ದರಿಂದ, ವಲಯ ಅರಣ್ಯಾಧಿಕಾರಿಗಳ ಅನುಮತಿಯನ್ನು ಪಡೆದು ಶಿಷ್ಯನೊಡನೆ ಒಂದು ಹಗಲು ಕಳೆಯಲು ಹೋದೆನು.

ಕಳ್ಳಬೇಟೆ ತಡೆ ಶಿಬಿರವೆಂದರೆ ಒಂದು ಪುಟ್ಟ ಮನೆ. ಆನೆಗಳು ಬಾರದಂತೆ ಸುತ್ತಲೂ ಆಳವಾದ ಕಂದಕ. ಅದರ ಮೇಲೆ ತೆಗೆದಿಡಬಹುದಾದ ಮರದ ಹಲಗೆ. ಒಳಗೆ ಸೌದೆಯೊಲೆ, ಅಕ್ಕಿ ಬೇಳೆಗಳ ಡಬ್ಬಗಳು, ಸೂರ್ಯನ ಬೆಳಕಿನಿಂದ ಉರಿಯುವ ಒಂದೆರಡು ದೀಪ, ಮೂಲೆಯಲ್ಲಿ ನಿಸ್ತಂತು ಯಂತ್ರ. ಶಿಷ್ಯನನ್ನು ಬಿಟ್ಟರೆ ಉಳಿದ ನಾಲ್ವರೂ ದಿನಗೂಲಿಯ ಕಾವಲುಗಾರರು. ಅವರಲ್ಲಿ ಇಬ್ಬರು ಜೇನುಕುರುಬರು. ಖಾಯಂ ನೌಕರನಿಗೆ ಇರುವ ಭದ್ರತೆಯು ಇವರಿಗಿಲ್ಲ, ಆದರೆ ನಡೆಯುವ ದೂರ ಮಾತ್ರ ಒಂದೇ. ಇದು ನ್ಯಾಯವೆಂದು ನನಗೆ ತೋರಲಿಲ್ಲ.

ಬೆಳಗಿನ ಗಸ್ತಿಗೆ ಹೊರಟೆವು. ಮುಂದೆ ಜೇನುಕುರುಬರ ಹಿರಿಯನು, ಹಿಂದೆ ಶಿಷ್ಯನು, ನಡುವೆ ನಾನು. ಹಿರಿಯನು ಆಗಾಗ ನಿಂತು ನೆಲವನ್ನು ನೋಡುವನು. ಲದ್ದಿಯನ್ನು ಕಡ್ಡಿಯಿಂದ ಕೆದಕಿ, “ಬೆಳಗಿನ ಜಾವ ದಾಟಿದೆ, ಮರಿ ಇದೆ” ಎನ್ನುವನು. ನನಗೆ ಕೌಟಿಲ್ಯನ ನೆನಪಾಯಿತು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾಗವನಾಧ್ಯಕ್ಷನೆಂಬ ಅಧಿಕಾರಿಯುಂಟು. ಆತನ ಕೈಕೆಳಗಿನ ನಾಗವನಪಾಲರು ಆನೆಗಳು ಮಲಗಿದ ಜಾಗ, ಹೆಜ್ಜೆ, ಲದ್ದಿ, ಕುಸಿದ ನದೀತಟ ಇವುಗಳಿಂದ ಅವುಗಳ ಜಾಡು ಹಿಡಿಯಬೇಕೆಂದು ಅಲ್ಲಿ ವಿಧಿಸಿದೆ. ಆನೆಯನ್ನು ಕೊಂದವನಿಗೆ ಮರಣದಂಡನೆ. ತಾನಾಗಿ ಸತ್ತ ಆನೆಯ ಜೋಡಿದಂತವನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ ಬಹುಮಾನ. ಪಾಠ ಹೇಳುವಾಗ ನಾನು ಇದನ್ನು ಎಷ್ಟೋ ಸಲ ಓದಿದ್ದುಂಟು; ಆದರೆ ಆ ವಿದ್ಯೆಯು ಬರಿಗಾಲಿನಲ್ಲಿ ನನ್ನ ಮುಂದೆ ನಡೆಯುವುದನ್ನು ಕಂಡದ್ದು ಅಂದೇ.

ಕಾಡಿನ ಗಡಿಯ ಬೇಲಿಯ ಬಳಿ, ಜಿಂಕೆಗಳು ನುಸುಳುವ ಕಂಡಿಯಲ್ಲಿ, ಹಿರಿಯನು ಥಟ್ಟನೆ ಕೈಯೆತ್ತಿ ನಿಲ್ಲಿಸಿದನು. ಸೈಕಲ್ಲಿನ ಬ್ರೇಕಿನ ತಂತಿಯಿಂದ ಮಾಡಿದ ಉರುಳು! ನಾನಾಗಿದ್ದರೆ ಮೆಟ್ಟಿಕೊಂಡೇ ಹೋಗುತ್ತಿದ್ದೆನು. ಇಂತಹ ಉರುಳು ಹಂದಿಗೆಂದು ಕಟ್ಟಿದ್ದಾದರೂ ಹುಲಿ ಚಿರತೆಗಳನ್ನೂ ಹಿಡಿಯುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಬಿಚ್ಚಿ ಎಸೆಯುವರೆಂದು ನಾನು ಎಣಿಸಿದೆನು. ಶಿಷ್ಯನು ಹಾಗೆ ಮಾಡಲಿಲ್ಲ. ಚಿತ್ರ ತೆಗೆದು, ಸ್ಥಳವನ್ನು ಫೋನಿನಲ್ಲಿ ಗುರುತಿಸಿ, ಪಂಚರನ್ನು ಕರೆಯಿಸಿ, ಬಂಡೆಯ ಮೇಲೆ ಕುಳಿತು ಮಹಜರು ಬರೆಯತೊಡಗಿದನು. ತಂತಿಯ ಉದ್ದ, ನೆಲದಿಂದ ಎತ್ತರ, ಕಟ್ಟಿದ ಗೂಟ ಯಾವ ಮರದ್ದು, ಕಂಡ ಗಂಟೆ, ಮೊಹರು ಮಾಡಿದ ಗಂಟೆ: ಒಂದೂ ಬಿಡಲಿಲ್ಲ.

“ಇಷ್ಟೆಲ್ಲ ಏತಕ್ಕಪ್ಪಾ?” ಎಂದೆನು.

“ಮೇಷ್ಟ್ರೇ, ಕಳ್ಳ ಓಡಿದರೆ ಇನ್ನೊಂದು ದಿನ ಹಿಡಿಯಬಹುದು. ಇಲ್ಲಿ ಒಂದು ಗಂಟೆ ತಪ್ಪು ಬರೆದರೆ ನ್ಯಾಯಾಲಯದಲ್ಲಿ ಮತ್ತೆ ಹಿಡಿಯೋಕಾಗೋಲ್ಲ.” ಬೇರೊಂದು ಶಿಬಿರದವರು ಮಾಂಸದ ಸಮೇತ ಹಿಡಿದ ಇಬ್ಬರು, ಎರಡು ಕಾಗದಗಳಲ್ಲಿ ಎರಡು ವೇಳೆ ಬರೆದಿದ್ದರಿಂದ ಬಿಡುಗಡೆಯಾದರೆಂದು ಆತನು ಹೇಳಿದನು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಚಿಕ್ಕ ನೌಕರನ ಕೈಗೆ ದೊಡ್ಡ ಅಧಿಕಾರವನ್ನೇ ಕೊಟ್ಟಿದೆ. ಅದರ 50ನೆಯ ಪ್ರಕರಣದಂತೆ ತಡೆದು ನಿಲ್ಲಿಸುವ, ಶೋಧಿಸುವ, ವಾರಂಟಿಲ್ಲದೆ ಬಂಧಿಸುವ ಹಕ್ಕು ಪೊಲೀಸರಲ್ಲಾದರೆ ಸಬ್ ಇನ್ಸ್‌ಪೆಕ್ಟರಿಗೆ ಮೇಲ್ಪಟ್ಟು. ಅರಣ್ಯಾಧಿಕಾರಿಗಳಲ್ಲಿ ಅಂತಹ ದರ್ಜೆಯ ಮಿತಿಯಿಲ್ಲ. ಆದರೆ ಸಾಕ್ಷ್ಯವನ್ನು ದಾಖಲಿಸುವ ಅಧಿಕಾರವು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯ ದರ್ಜೆಯಿಂದ ಮೇಲಿನವರಿಗೆ ಮಾತ್ರ. ಹುಲಿಯ ಮೀಸಲುಕಾಡಿನ ನಡುಭಾಗದಲ್ಲಿ ಬೇಟೆಯಾಡಿದವನಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆ. ಗೃಹಸ್ಥರು ಇನ್ನೊಂದನ್ನೂ ತಿಳಿದಿರುವುದು ಒಳ್ಳೆಯದು: ಕಾಡುಮಾಂಸವನ್ನು ಕೊಂದವನಷ್ಟೇ ಅಲ್ಲ, ಕೊಂಡವನೂ ಅಪರಾಧಿಯೇ.

ಈ ಹುದ್ದೆಗೆ ಪಿ.ಯು.ಸಿ. ತೇರ್ಗಡೆಯಾಗಿರಬೇಕು, ದೇಹದಾರ್ಢ್ಯದ ಅಳತೆ, ಓಟ ಮೊದಲಾದ ಪರೀಕ್ಷೆಗಳುಂಟು, ಆಮೇಲೆ ತರಬೇತಿ. ಧಾರವಾಡದ ಬಳಿಯ ಗುಂಗರಗಟ್ಟಿಯಲ್ಲಿಯೂ ಕುಶಾಲನಗರದಲ್ಲಿಯೂ ಇದಕ್ಕೆಂದೇ ಸಂಸ್ಥೆಗಳಿವೆ. ಮೇಲಿನ ಮೆಟ್ಟಲುಗಳು ಉಪ ವಲಯ ಅರಣ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ ಎಂದು ಏರುತ್ತವೆ. ಭಾರತೀಯ ಅರಣ್ಯಸೇವೆಗೆ ಹೋಗಬೇಕೆಂಬವರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಗೆದ್ದ ಮೇಲೂ ನಡಿಗೆಯ ಪರೀಕ್ಷೆಗೆ ನಿಲ್ಲಬೇಕು: ಗಂಡಸರು 4 ಗಂಟೆಗಳಲ್ಲಿ 25 ಕಿಲೋಮೀಟರು, ಹೆಂಗಸರು 14. ಪುಸ್ತಕ ಬಲ್ಲವನ ಕಾಲನ್ನೂ ಪರೀಕ್ಷಿಸುವ ಈ ಪದ್ಧತಿಯು ನನಗೆ ಬಹಳ ಹಿಡಿಸಿತು. ನಮ್ಮ ಉಪಾಧ್ಯಾಯವೃತ್ತಿಗೂ ಇದ್ದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದೆವೋ!

ಅಪಾಯವನ್ನು ಮರೆಮಾಚುವಂತಿಲ್ಲ. 2017ರಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ತರುಣ ಪಾಲಕನೊಬ್ಬನು ಸುಟ್ಟು ಮಡಿದನು. 2018ರ ಮಾರ್ಚಿಯಲ್ಲಿ ನೆರೆಯ ನಾಗರಹೊಳೆಯ ಮುಖ್ಯಾಧಿಕಾರಿ ಎಸ್. ಮಣಿಕಂದನ್ ಅವರು ಆನೆಗೆ ಬಲಿಯಾದರು. ಪಿ. ಶ್ರೀನಿವಾಸರ ಹೆಸರನ್ನು ಕೇಳದವರು ಈ ಜಿಲ್ಲೆಯಲ್ಲಿ ಇಲ್ಲವೆನ್ನಬಹುದು. ವೀರಪ್ಪನ ಊರಾದ ಗೋಪಿನಾಥದಲ್ಲಿಯೇ ಬಡವರಿಗೆ ಮನೆಗಳನ್ನೂ ಮಾರಿಯಮ್ಮನಿಗೆ ಗುಡಿಯನ್ನೂ ಕಟ್ಟಿಸಿಕೊಟ್ಟ ಆ ಅಧಿಕಾರಿ, ಆತನು ಶರಣಾಗುವನೆಂಬ ಮಾತನ್ನು ನಂಬಿ ಶಸ್ತ್ರವಿಲ್ಲದೆ ಹೋಗಿ 1991ರ ನವೆಂಬರ್ 10ರಂದು ಹತರಾದರು. ಸರ್ಕಾರವು ಮರಣೋತ್ತರವಾಗಿ ಕೀರ್ತಿಚಕ್ರವನ್ನಿತ್ತಿತು.

ಸಂಜೆ ಹಳ್ಳಿಗೆ ಮರಳಿದಾಗ ತಾಯಿಯೊಡನೆ ಈ ಅಪಾಯಗಳ ಮಾತನ್ನೇ ಎತ್ತಿದೆನು. ಆಕೆ ತಲೆಯಾಡಿಸಿದಳು.

“ಆನೆ ಹುಲಿ ನಾವು ಹುಟ್ಟಿದಾಗಿನಿಂದ ಕಂಡಿದ್ದೇವೆ ಸ್ವಾಮಿ. ನನಗಿರುವ ಹೆದರಿಕೆ ಊರಿನದು.” ಮೂರು ವರ್ಷದ ಹಿಂದೆ ಮಗನು ಕಡವೆಯ ಮಾಂಸದೊಡನೆ ಹಿಡಿದವರಲ್ಲಿ ಒಬ್ಬನು ಆಕೆಯ ಸ್ವಂತ ಅಕ್ಕನ ಮಗ. ಅಂದಿನಿಂದ ಆ ಮನೆಯವರು ಇವರ ಮನೆಯಲ್ಲಿ ನೀರು ಮುಟ್ಟಿಲ್ಲ; ಮಗಳಿಗೆ ನೋಡಿದ್ದ ಸಂಬಂಧವೂ ಅದೇ ಕಾರಣದಿಂದ ಮುರಿದುಹೋಯಿತಂತೆ. “ಮಗ ಒಬ್ಬ ಸಾಕಾಗಿತ್ತು. ಇವಳೂ ಹೋದರೆ ನಮ್ಮ ಬಾಗಿಲಿಗೆ ಯಾರು ಬರ್ತಾರೆ?”

ಮಗನು ತಲೆ ತಗ್ಗಿಸಿ ಕುಳಿತಿದ್ದನು. ಅಂದು ತನ್ನ ಅಣ್ಣನನ್ನೇ ಬಿಟ್ಟಿದ್ದರೆ ಮರುದಿನ ಬೇರೆಯವರನ್ನು ಹಿಡಿಯುವ ಬಾಯಿ ತನಗಿರುತ್ತಿರಲಿಲ್ಲವೆಂದಷ್ಟೇ ಹೇಳಿದನು. ತಂಗಿಯು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ದೊಡ್ಡಮ್ಮನ ಮನೆಗೆ ನಾನೇ ಹೋಗಿ ಮಾತಾಡ್ತೀನಿ ಮೇಷ್ಟ್ರೇ, ಅರ್ಜಿ ಮಾತ್ರ ಹಾಕ್ತೀನಿ” ಎಂದಳು.

ನನ್ನ ಅಭಿಪ್ರಾಯವನ್ನು ತಾಯಿ ಕೇಳಿದಳು. ಹುಡುಗಿ ಪ್ರಾಪ್ತವಯಸ್ಕಳು, ಅರ್ಜಿಗೆ ನಿನ್ನ ರುಜು ಬೇಕಿಲ್ಲ; ಆದರೆ ಕಾಡಿನಿಂದ ಹಿಂದಿರುಗಿದಾಗ ತೆರೆದ ಬಾಗಿಲೊಂದು ಅವಳಿಗೆ ಬೇಕು, ಅದು ನಿನ್ನ ಕೈಯಲ್ಲಿದೆಯಮ್ಮಾ ಎಂದೆನು. ಆಕೆ ಉತ್ತರ ಕೊಡಲಿಲ್ಲ. ರಾತ್ರಿಯ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎಲೆ ಹಾಕಲು ಒಳಕ್ಕೆ ಹೋದಳು.