ಮಂಚದ ವಯಸ್ಸು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯು ಕೃಷ್ಣಾ ನದಿಯ ದಂಡೆಯ ಮೇಲಿರುವ ಊರು. 1989ರಲ್ಲಿ ರೈತರೇ ಹಣವನ್ನೂ ದುಡಿಮೆಯನ್ನೂ ಕೂಡಿಸಿ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜಿನಿಂದ ಅದರ ಹೆಸರು ನಾಡಿಗೆಲ್ಲ ತಿಳಿಯಿತು. ಕೈದುಡಿಮೆಯ ಹಿರಿಮೆಯನ್ನು ಬಲ್ಲ ಇಂಥ ಸೀಮೆಯ ಹಳೆಯ ಮನೆಗಳಲ್ಲಿ, ಹೆಸರು ಉಳಿಯದ ಬಡಿಗರ ದುಡಿಮೆಗೆ ಸಾಕ್ಷಿಯಾಗಿ ಮರದ ಮಂಚಗಳು ಇರುವುದುಂಟು. ಅವುಗಳ ವಯಸ್ಸನ್ನು ಕೇಳಿದರೆ, "ನಮ್ಮ ಮುತ್ತಜ್ಜನ ಕಾಲದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ನಿಜವೇ ಎಂಬುದನ್ನು ಮಂಚವನ್ನೇ ಕೇಳಬೇಕು.

ಮಂಚದ ರಚನೆ ಸರಳವಾದುದು. ನಾಲ್ಕು ಕಾಲುಗಳು, ಅವುಗಳನ್ನು ಕೂಡಿಸುವ ನಾಲ್ಕು ಪಟ್ಟಿಗಳು. ಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಾಲಿನಲ್ಲಿ ಉಳಿಯಿಂದ ಕೊರೆದ ತೂತಿಗೆ ಸೇರಿಸಿ, ಮರದ ಬೆಣೆ ಬಡಿಯುತ್ತಿದ್ದರು. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬೆಣೆಯ ಕೂಡಿಕೆ ಇವೆರಡನ್ನೂ ತಾಳಿಕೊಳ್ಳುತ್ತದೆ. ಬೇಕಾದಾಗ ಬಿಚ್ಚಿ ಗಾಡಿಯಲ್ಲಿ ಹೇರುವುದಕ್ಕೂ ಬರುತ್ತದೆ. ಬಿಚ್ಚಿದ ಭಾಗಗಳು ಅದಲುಬದಲಾಗದಂತೆ ಕೂಡಿಕೆಯ ಬಳಿ ಒಂದು, ಎರಡು, ಮೂರು ಗೀಟುಗಳನ್ನು ಹಾಕುವ ಪದ್ಧತಿಯೂ ಉಂಟು. ಹೊರಸಿನಲ್ಲಂತೂ ನುಲಿಯನ್ನು ಬಿಗಿದಷ್ಟೂ ಕಾಲು ಮತ್ತು ಪಟ್ಟಿಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನ ಕಾಯಕವೇ ನುಲಿ ಹೊಸೆಯುವುದಾಗಿತ್ತು.

ಇನ್ನು ವಯಸ್ಸಿನ ಮಾತು. ಕೆತ್ತನೆಯ ಹೂಬಳ್ಳಿಯನ್ನು ಇಂದಿನ ಬಡಿಗನೂ ಹಳೆಯ ಮಾದರಿಯಲ್ಲಿ ಕೆತ್ತಬಲ್ಲನು. ಆದುದರಿಂದ ನೋಡಬೇಕಾದುದು ಹಲಗೆಯ ಅಡಿಭಾಗವನ್ನು. ಕೈಗರಗಸದ ಗೆರೆಗಳು ನೇರವಾಗಿ, ಒಂದಕ್ಕೊಂದು ಹೊಂದದೆ ಇರುತ್ತವೆ. ಯಂತ್ರದ ದುಂಡು ಗರಗಸವು ಬಿಲ್ಲಿನಂತೆ ಬಾಗಿದ ಗೆರೆಗಳನ್ನು ಬಿಡುತ್ತದೆ. ಕಮ್ಮಾರನು ಬಡಿದ ಮೊಳೆ ಚೌಕವಾಗಿರುತ್ತದೆ. ತಂತಿಯಿಂದ ಮಾಡಿದ ದುಂಡು ಮೊಳೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹರಡಿತು. ತಲೆಯ ಮೇಲೆ ಕೂಡು ಚಿಹ್ನೆಯಂಥ ಸೀಳಿರುವ ಸ್ಕ್ರೂ ಬಂದುದು 1930ರ ದಶಕದಲ್ಲಿ. ಕಡೆದ ಕಾಲು ಮೊದಲು ದುಂಡಗಿದ್ದರೂ, ಮರವು ಎಲ್ಲ ದಿಕ್ಕಿನಲ್ಲಿ ಸಮನಾಗಿ ಕುಗ್ಗದ ಕಾರಣ, ಕಾಲ ಕಳೆದಂತೆ ತುಸು ಅಂಡಾಕಾರ ತಾಳುತ್ತದೆ.

ಆದರೆ ಒಂದೇ ಗುರುತನ್ನು ನಂಬಿ ತೀರ್ಮಾನಿಸುವುದು ತಪ್ಪು. ಹೊಸ ಸ್ಕ್ರೂ ಹಳೆಯ ಮಂಚದ ದುರಸ್ತಿಯಿಂದ ಬಂದಿರಬಹುದು. ಹಳೆಯ ತೊಲೆಯಿಂದ ಹೊಸ ಮಂಚವನ್ನೂ ಮಾಡಬಹುದು. ಹಲವು ಗುರುತುಗಳು ಒಂದೇ ಮಾತನ್ನು ಹೇಳಿದಾಗ ಮಾತ್ರ ನಂಬಿಕೆ ಬಲಿಯುತ್ತದೆ. ಹಾಗೆ ನೋಡಿದಾಗ ಮುತ್ತಜ್ಜನ ಮಂಚವು ಅಜ್ಜನದೆಂದು ತಿಳಿದುಬಂದರೆ ಹಿರಿಯರಿಗೆ ಕುಂದೇನೂ ಇಲ್ಲ.

ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಿದವು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹವು ಜಮಖಂಡಿ ಸೀಮೆಯ ಜನರನ್ನು ಮನೆಯಿಂದ ಹೊರಡಿಸಿತು. ಹೀಗೆ ನೆಲೆ ತಪ್ಪಿದಾಗ ಮಂಚವು ಜೊತೆಗೆ ಬಂದರೂ ಅದರ ಕಥೆ ಹಿಂದೆಯೇ ಉಳಿದುಬಿಡಬಹುದು. ಆಗ ಉಳಿಯ ಗಾಯವೂ ಗರಗಸದ ಗೆರೆಯೂ ಮಾತ್ರ ಅದರ ಚರಿತ್ರೆ. ಹೊಳಪಿನ ಆಸೆಗೆ ಅಡಿಭಾಗವನ್ನೂ ಉಜ್ಜಿ ನುಣುಪು ಮಾಡಿದರೆ ಆ ಚರಿತ್ರೆಯೂ ಅಳಿಯುತ್ತದೆ.

ಆದುದರಿಂದ ಹಳೆಯ ಮಂಚವನ್ನು ಮಾರುವ ಮೊದಲು, ಒಡೆಯುವ ಮೊದಲು, ಒಮ್ಮೆ ಮಗುಚಿ ನೋಡಬೇಕು. ಕಂಡುದನ್ನೂ ಮನೆಯ ಹಿರಿಯರು ಹೇಳಿದುದನ್ನೂ ಬರೆದಿಡಬೇಕು. ತನ್ನ ಹೆಸರನ್ನು ಎಲ್ಲಿಯೂ ಕೆತ್ತದೆ ಹೋದ ಬಡಿಗನಿಗೆ ಸಲ್ಲಬೇಕಾದ ಗೌರವ ಅದು.