‘ಇಸು’ ಕಂಡಲ್ಲೆಲ್ಲ ‘ಮೇಕ್’ ಅಲ್ಲ

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವಾಗ ನಾನು ಮಕ್ಕಳಿಗೆ ಒಂದು ಸುಲಭ ಸೂತ್ರ ಕೊಡುತ್ತಿದ್ದೆ: ಕನ್ನಡದ ಕ್ರಿಯಾಪದಕ್ಕೆ ‘ಇಸು’ ಸೇರಿದ್ದರೆ ಇಂಗ್ಲಿಷಿನಲ್ಲಿ ‘ಮೇಕ್’ ಹಾಕಿ. ಮಾಡಿಸು, ನಗಿಸು, ಓದಿಸು, ಎಲ್ಲಕ್ಕೂ ಅದೇ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಅದರಾಚೆಗೆ ನಾನು ಯೋಚಿಸಲಿಲ್ಲ.

ಹಾಗೆ ಕಲಿತ ಹುಡುಗನೊಬ್ಬ ಕೆಲಸದ ಸಂದರ್ಶನಕ್ಕೆ ಹೋದ. ಅವನ ತಂದೆ ಕೂಲಿ ಮಾಡಿ ಮಗನನ್ನು ಓದಿಸಿದವರು. ಅದನ್ನೇ ಹೆಮ್ಮೆಯಿಂದ ಹೇಳಲು ಹೋಗಿ ‘ಮೈ ಫಾದರ್ ಮೇಡ್ ಮಿ ರೀಡ್’ ಎಂದ. ನಿನಗೆ ಓದಲು ಇಷ್ಟವಿರಲಿಲ್ಲವೇ, ತಂದೆ ಬಲವಂತ ಮಾಡಿದರೇ ಎಂದು ಎದುರಿದ್ದವರು ಕೇಳಿದರಂತೆ. ಅವನಿಗೆ ಮಾತು ಹೊರಡಲಿಲ್ಲ. ‘ಸರ್, ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?’ ಎಂದು ನನ್ನ ಬಳಿ ಬಂದು ಕೇಳಿದ. ತಪ್ಪು ನನ್ನ ಪಾಠದ್ದು ಎಂದೆ.

ಆಮೇಲೆ ಈ ಪಾಠವನ್ನು ನಾನೇ ಹೊಸದಾಗಿ ಕಲಿತೆ. ಗದರಿಸಿ ಮಾಡಿಸಿದರೂ, ಕೇಳಿಕೊಂಡು ಮಾಡಿಸಿದರೂ, ದುಡ್ಡು ಕೊಟ್ಟು ಮಾಡಿಸಿದರೂ ಕನ್ನಡಕ್ಕೆ ‘ಮಾಡಿಸಿದೆ’ ಸಾಕು. ಉಳಿದದ್ದು ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷ್ ಇವನ್ನು ಬೇರೆಬೇರೆ ಪದಗಳಿಗೆ ಹಂಚಿದೆ. ಒಬ್ಬರಿಂದ ಕೆಲಸ ಮಾಡಿಸಿದ್ದನ್ನು ‘ಮೇಕ್’ ಹಾಕಿ ಹೇಳಿದರೆ ಸಾಮಾನ್ಯವಾಗಿ ಒತ್ತಾಯದ ಅರ್ಥ ಬರುತ್ತದೆ. ‘ಹಿ ಮೇಡ್ ಮಿ ಲಾಫ್’ ಎಂಬಲ್ಲಿ ಒತ್ತಾಯವಿಲ್ಲ. ಏಕೆಂದರೆ ನಗು ತಾನಾಗಿ ಬರುವಂಥದ್ದು. ಕೆಲಸವನ್ನು ವಹಿಸಿಕೊಟ್ಟು ಮಾಡಿಸಿದರೆ ‘ಹ್ಯಾವ್’. ಮನವೊಲಿಸಿ ಮಾಡಿಸಿದರೆ ‘ಗೆಟ್’. ಮಾಡಲು ಬಿಟ್ಟರೆ ‘ಲೆಟ್’.

ವಾಕ್ಯದ ಕಟ್ಟೂ ಒಂದೇ ಅಲ್ಲ. ‘ಐ ಹ್ಯಾಡ್ ಹಿಮ್ ಸೈನ್’ ಎಂಬಲ್ಲಿ ‘ಟು’ ಇಲ್ಲ. ‘ಐ ಗಾಟ್ ಹಿಮ್ ಟು ಸೈನ್’ ಎಂಬಲ್ಲಿ ಬೇಕೇ ಬೇಕು. ಮಾಡಿದವರು ಯಾರೆಂದು ಹೇಳಬೇಕಿಲ್ಲದಾಗ ವಸ್ತು ಮುಂದೆ ಬರುತ್ತದೆ: ‘ಐ ಹ್ಯಾಡ್ ಮೈ ಬೈಕ್ ರಿಪೇರ್ಡ್’. ‘ಐ ರಿಪೇರ್ಡ್ ಮೈ ಬೈಕ್’ ಎಂದರೆ ಸ್ಪ್ಯಾನರ್ ಹಿಡಿದವರು ನೀವೇ ಎಂದಾಗುತ್ತದೆ.

ಇನ್ನು ಆ ಹುಡುಗನ ‘ಓದಿಸಿದರು’ ಈ ಯಾವುದಕ್ಕೂ ಸೇರುವುದಿಲ್ಲ. ತಂದೆ ದುಡಿದು ಕಾಲೇಜು ಓದಿನ ಖರ್ಚು ಹೊತ್ತರು ಎನ್ನಲು ‘ಮೈ ಫಾದರ್ ಪುಟ್ ಮಿ ಥ್ರೂ ಕಾಲೇಜ್’ ಎನ್ನಬೇಕು. ಇದನ್ನು ಅವನಿಗೆ ಹತ್ತನೇ ತರಗತಿಯಲ್ಲೇ ಹೇಳಿಕೊಡಬಹುದಿತ್ತು.

ಇಂಗ್ಲಿಷ್ ಕಲಿಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ಕನ್ನಡದ ಪ್ರತ್ಯಯಕ್ಕೆ ಇಂಗ್ಲಿಷಿನ ಒಂದು ಪದ ಹೊಂದಿಸಿ ಸೂತ್ರ ಬರೆಸಬೇಡಿ. ಕೆಲಸ ಮಾಡಿದವರು ಯಾರು, ಮಾಡಿಸಿದವರು ಯಾರು, ಹೇಗೆ ಮಾಡಿಸಿದರು ಎಂದು ಮೊದಲು ಮಕ್ಕಳನ್ನು ಕೇಳಿ. ಅದಕ್ಕೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟ ಮೇಲೆ ಇಂಗ್ಲಿಷ್ ವಾಕ್ಯ ಕಟ್ಟಿಸಿ.